ಬಂಡೆಯ ನಾಡಿನ ನಡುಕ

ನಂದಿಬೆಟ್ಟದಿಂದ ಮೊದಲ್ಗೊಂಡು ಉತ್ತರದಲ್ಲಿ ಗುಡಿಬಂಡೆಯವರೆಗೂ, ಪೂರ್ವದಲ್ಲಿ ಚಿಂತಾಮಣಿಯ ಕೈವಾರದ ಬೆಟ್ಟಗಳವರೆಗೂ ಹರಡಿಕೊಂಡಿರುವ ಈ ಸೀಮೆಯಲ್ಲಿ ನೆಲವೆಂದರೆ ಬಂಡೆ. ಹೊಲದ ನಡುವೆ ಬಂಡೆ, ಊರಿನ ಹಿಂದೆ ಬಂಡೆ, ಮನೆಯ ಗೋಡೆಯೂ ಬಂಡೆಯೇ, ಸೂರಿನ ಚಪ್ಪಡಿಯೂ ಬಂಡೆಯದೇ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕುದಿದು ಹೆಪ್ಪುಗಟ್ಟಿದ ಶಿಲೆಯ ಮೇಲೆ ಕುಳಿತಿರುವ ದಿಬ್ಬೂರಹಳ್ಳಿಯಂಥ ಊರಿನ ಜನ ಬರಗಾಲಕ್ಕೆ ಹೆದರಿಯಾರು, ಕೊಳವೆಬಾವಿ ಬತ್ತಿತೆಂದು ಕಂಗೆಟ್ಟಾರು, ರೇಷ್ಮೆಗೂಡಿನ ಬೆಲೆ ಬಿದ್ದಿತೆಂದು ನಿದ್ರೆಗೆಟ್ಟಾರು. ಆದರೆ ಕಾಲಡಿಯ ನೆಲವೇ ಅಲುಗಬಹುದೆಂಬ ಶಂಕೆಯನ್ನು ತಲೆಮಾರುಗಳಿಂದ ಮನಸ್ಸಿಗೆ ತಂದುಕೊಂಡವರಲ್ಲ. ಭೂಕಂಪವೆಂಬುದು ಹಿಮಾಲಯದ ಮಾತು, ಗುಜರಾತಿನ ಮಾತು, ಹೆಚ್ಚೆಂದರೆ ಮಹಾರಾಷ್ಟ್ರದ ಮಾತು. 2021ನೆಯ ಇಸವಿಯ ಚಳಿಗಾಲ ಈ ನಿಶ್ಚಿಂತೆಯನ್ನು ಒಂದಿಷ್ಟು ಕಲಕಿತು.

ಆ ವರ್ಷದ ನವೆಂಬರಿನಲ್ಲಿ ಸುರಿದ ಮಳೆಯನ್ನು ಇಲ್ಲಿಯವರು ಇನ್ನೂ ಮರೆತಿಲ್ಲ. ವರ್ಷಾನುವರ್ಷ ಜಾಲಿ ಬೆಳೆದು ಆಟದ ಬಯಲಾಗಿದ್ದ ಕೆರೆಗಳು ತುಂಬಿ ಕೋಡಿ ಹರಿದವು. ಬತ್ತಿದ್ದ ಬಾವಿಗಳಲ್ಲಿ ನೀರು ಮೇಲಕ್ಕೆದ್ದಿತು. ಮಳೆಯ ಬೆನ್ನಿಗೇ ಸದ್ದೂ ಬಂದಿತು. ಚಿಂತಾಮಣಿ ತಾಲ್ಲೂಕಿನ ಮಿಟ್ಟಹಳ್ಳಿಯಲ್ಲಿ ನೆಲದೊಳಗಿಂದ ಗುಡುಗಿದಂಥ ಶಬ್ದ ಕೇಳಿ ಜನ ಮನೆಬಿಟ್ಟು ಹೊರಗೆ ಬಂದರು. ಅನಂತರ ಡಿಸೆಂಬರ್ 22ರ ಬೆಳಗ್ಗೆ, ಏಳು ಗಂಟೆ ಹೊಡೆದ ಕೆಲವೇ ನಿಮಿಷಗಳಲ್ಲಿ, ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯ ಸುತ್ತುಮುತ್ತ ಒಂದರ ಹಿಂದೊಂದು ಎರಡು ಕಂಪನಗಳಾದವು. ಅವುಗಳ ಪರಿಮಾಣ 2.9 ಮತ್ತು 3.0 ಎಂದು ದಾಖಲಾಯಿತು. ಮರುದಿನ ಮಧ್ಯಾಹ್ನ ಎರಡು ಗಂಟೆಯ ಮೇಲೆ ಮತ್ತೊಂದು, 3.6. ಬಂಡಹಳ್ಳಿ, ಶೆಟ್ಟಿಗೆರೆ, ಭೋಗಪರ್ತಿ ಮೊದಲಾದ ಹಳ್ಳಿಗಳಲ್ಲಿ ಅಟ್ಟದ ಮೇಲಿನ ಪಾತ್ರೆಗಳು ಉರುಳಿದವು, ಹಳೆಯ ಗೋಡೆಗಳಲ್ಲಿ ಬಿರುಕು ಕಾಣಿಸಿತು, ಜನ ಬೀದಿಗೆ ಓಡಿ ಬಂದರು. ಹೊಸ ವರ್ಷದ ಮೊದಲ ವಾರದಲ್ಲಿಯೂ ನಡುಕ ಮರುಕಳಿಸಿತು. ಪ್ರಾಣಹಾನಿ ಎಲ್ಲಿಯೂ ಆಗಲಿಲ್ಲ. ಪತ್ರಿಕೆಗಳು ಒಂದೆರಡು ವಾರ ಬರೆದು ಸುಮ್ಮನಾದವು.

ಮಳೆಗೂ ನಡುಕಕ್ಕೂ ಏನು ಸಂಬಂಧವೆಂದು ಆಗ ಅನೇಕರು ಬೆರಗಾದದ್ದುಂಟು. ಸಂಬಂಧ ಇರಬಹುದು ಎಂಬುದು ವಿಜ್ಞಾನಿಗಳ ವಿವರಣೆ, ಮತ್ತು ಅದು ಕೇಳುವಷ್ಟು ವಿಚಿತ್ರವಾದುದೇನೂ ಅಲ್ಲ. ನಾವು ಅಖಂಡವೆಂದು ತಿಳಿದಿರುವ ಬಂಡೆ ವಸ್ತುತಃ ಸಹಸ್ರಾರು ಸೀಳುಗಳ ಸಮೂಹ. ಆ ಸೀಳುಗಳ ಎರಡು ಮಗ್ಗುಲುಗಳನ್ನು ಮೇಲಿನ ಶಿಲೆಯ ಭಾರವೂ ಭಾರತ ಭೂಖಂಡವನ್ನು ಉತ್ತರಕ್ಕೆ ನೂಕುತ್ತಿರುವ ಬಲದ ಒತ್ತಡವೂ ಬಿಗಿಯಾಗಿ ಒತ್ತಿ ಹಿಡಿದಿರುತ್ತವೆ. ಕೊಳವೆಬಾವಿಗಳು ಸಾವಿರ, ಸಾವಿರದೈನೂರು ಅಡಿಗಳವರೆಗೂ ಇಳಿದು ದಶಕಗಳ ಕಾಲ ಹೀರಿ ಬರಿದುಮಾಡಿದ ಆ ಸೀಳುಗಳೊಳಕ್ಕೆ ಒಂದೇ ಋತುವಿನಲ್ಲಿ ನೀರು ನುಗ್ಗಿದಾಗ, ಹತ್ತು ಮೀಟರ್ ಎತ್ತರದ ನೀರು ಸರಿಸುಮಾರು ಒಂದು ವಾಯುಮಂಡಲದಷ್ಟು ಒತ್ತಡವನ್ನು ಹೇರುತ್ತದೆಂಬ ಲೆಕ್ಕದಂತೆ, ಒಳಗಿನ ನೀರು ಎರಡು ಮಗ್ಗುಲುಗಳನ್ನೂ ಹೊರಕ್ಕೆ ದೂಡಿ ಹಿಡಿತವನ್ನು ಸಡಿಲಿಸುತ್ತದೆ. ಮೊದಲೇ ಜಾರುವ ಅಂಚಿನಲ್ಲಿದ್ದ ಸೀಳು ಕೂದಲೆಳೆಯಷ್ಟು ಜಾರಿದರೂ ಸಾಕು, ಮೇಲೆ ಇರುವ ನಮಗೆ ಅದು ಕಂಪನ. ಜಲಾಶಯದ ನೀರು ಕೊಯ್ನಾದಲ್ಲಿ ಮಾಡಿದ್ದೂ ಇದೇ ಜಾತಿಯ ಕೆಲಸ, ಆದರೆ ಬಹು ದೊಡ್ಡ ಪ್ರಮಾಣದಲ್ಲಿ. 1967ರ ಡಿಸೆಂಬರ್ 11ರ ಆ ಭೂಕಂಪದಲ್ಲಿ ನೂರಾರು ಜನ ಗತಿಸಿದರೆಂಬುದನ್ನು ಹಿರಿಯ ವಾಚಕರು ಬಲ್ಲರು. ಇನ್ನು, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಮಾತೃಸ್ಥಾನವಾದ ಕೋಲಾರಕ್ಕೆ ನೆಲದ ಸದ್ದು ತೀರ ಹೊಸತೂ ಅಲ್ಲ. ಚಿನ್ನದ ಗಣಿಗಳ ಆಳದಲ್ಲಿ ಶಿಲೆ ಸಿಡಿಯುವ ರಾಕ್ ಬರ್ಸ್ಟ್‌ಗಳಿಗೆ ಕೆಜಿಎಫ್‌ನ ಗಣಿ ಕಾರ್ಮಿಕರು ಒಂದು ಶತಮಾನ ಕಾಲ ಪ್ರಾಣ ತೆತ್ತಿದ್ದಾರೆ.

ಸದ್ದಿನ ವಿಷಯವಾಗಿಯೂ ಒಂದು ಮಾತು ಹೇಳಬೇಕು, ಏಕೆಂದರೆ ನಡುಕಕ್ಕಿಂತ ಸದ್ದೇ ಜನರನ್ನು ಹೆಚ್ಚು ಕಂಗೆಡಿಸಿತು. ಭೂಕಂಪದ ಮೊದಲ ತರಂಗಗಳು ಗ್ರಾನೈಟ್‌ನಂಥ ಕಠಿಣ ಶಿಲೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಬರುತ್ತವೆ. ಮೆತ್ತನೆಯ ಮಣ್ಣಿನಲ್ಲಿ ಅಡಗಿಹೋಗುವ ಶೀಘ್ರಕಂಪನಗಳು ಇಲ್ಲಿ ಸೊರಗದೆ ನೆಲದ ಮೇಲ್ಮೈವರೆಗೂ ತಲುಪಿ, ಗಾಳಿಯನ್ನು ಅಲುಗಿಸಿ ಕಿವಿಗೆ ಬೀಳುತ್ತವೆ. ಅಂತೆಯೇ ಗಂಗೆಯ ಬಯಲಿನಲ್ಲಿ ಮೌನವಾಗಿ ಕಳೆದುಹೋಗಬಹುದಾದ ಕ್ಷುದ್ರ ಕಂಪನವೂ ಈ ಬಂಡೆಯ ನಾಡಿನಲ್ಲಿ ಸಿಡಿಮದ್ದಿನಂತೆ ಮೊಳಗುತ್ತದೆ.

ಸಿಡಿಮದ್ದಿನ ಮಾತು ಇಲ್ಲಿ ಬರಿಯ ಅಲಂಕಾರವಲ್ಲ. ಚಿಕ್ಕಬಳ್ಳಾಪುರದ ಗುಡ್ಡಗಳಲ್ಲಿ ಕ್ವಾರಿಗಳಿಗೆ ಕೊರತೆಯಿಲ್ಲ. ಅದೇ 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಸತ್ತಿದ್ದರು. ಅದಕ್ಕೆ ಒಂದು ತಿಂಗಳು ಮುನ್ನ, ಜನವರಿ 21ರ ರಾತ್ರಿ, ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕಗಳು ಸಿಡಿದಾಗ ಇಡೀ ಜಿಲ್ಲೆಯ ಜನ ಅದನ್ನು ಭೂಕಂಪವೆಂದೇ ಬಗೆದು ಮನೆಗಳಿಂದ ಹೊರಗೆ ಓಡಿದ್ದರು. ಶಿವಮೊಗ್ಗದವರು ಸಿಡಿಮದ್ದನ್ನು ಭೂಕಂಪವೆಂದು ತಿಳಿದರು. ನಮ್ಮವರಲ್ಲಿ ಹಲವರು ಭೂಕಂಪವನ್ನು ಸಿಡಿಮದ್ದೆಂದು ತಿಳಿದರು. ಹಗಲೆಲ್ಲ ಕಲ್ಲು ಸಿಡಿಸುವ ಶಬ್ದವನ್ನೇ ಕೇಳುತ್ತ ಬದುಕುವವನಿಗೆ, ಇದು ಕ್ವಾರಿಯದಲ್ಲ, ಪ್ರಕೃತಿಯದು ಎಂದು ಒಬ್ಬ ಅಧಿಕಾರಿ ಬಂದು ಹೇಳಿದರೆ ನಂಬಿಕೆ ಹುಟ್ಟುವುದು ಸುಲಭವಲ್ಲ. ಅಂಥ ನಂಬಿಕೆಯನ್ನು ಅದಕ್ಕೆ ಮೊದಲಿನ ಹತ್ತು ವರ್ಷಗಳ ವ್ಯವಹಾರದಲ್ಲಿ ಸಂಪಾದಿಸಿಟ್ಟಿರಬೇಕಾಗುತ್ತದೆ.

ಇಲ್ಲೊಂದು ಸ್ವಾರಸ್ಯವೂ ಉಂಟು. ನೆಲದ ಸದ್ದು ಬಾಂಬಿನದೋ ಪ್ರಕೃತಿಯದೋ ಎಂದು ವಿಂಗಡಿಸುವ ವಿದ್ಯೆಯಲ್ಲಿ ಜಗತ್ತಿನ ಹೆಸರಾಂತ ಠಾಣೆಗಳಲ್ಲಿ ಒಂದು ಇದೇ ಜಿಲ್ಲೆಯ ಗೌರಿಬಿದನೂರಿನಲ್ಲಿದೆ. ಭೂಮಿಯೊಳಗೆ ಪರಮಾಣು ಪರೀಕ್ಷೆ ನಡೆಸುವ ರಾಷ್ಟ್ರಗಳ ಮೇಲೆ ಕಿವಿಯಿಡಲೆಂದು 1965ರ ಹೊತ್ತಿಗೆ ನಮ್ಮ ಪರಮಾಣು ಶಕ್ತಿ ಇಲಾಖೆಯವರು ಬ್ರಿಟಿಷರ ಸಹಕಾರದಿಂದ ಅಲ್ಲಿ ಕಂಪನಮಾಪಕಗಳ ಒಂದು ಸರಣಿಯನ್ನೇ ಹೂಡಿದರು. ಒಂದಕ್ಕೊಂದು ಲಂಬವಾದ ಎರಡು ಸಾಲುಗಳಲ್ಲಿ ಇಪ್ಪತ್ತು ಮಾಪಕಗಳು. ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ಇದರ ಸೋದರ ಸರಣಿಗಳಿವೆ. ಈ ಸ್ಥಳವನ್ನು ಆರಿಸಲು ಕಾರಣ ಇಲ್ಲಿನ ಗಟ್ಟಿ ಬಂಡೆ ಮತ್ತು ಅದರ ನಿಶ್ಶಬ್ದ. 1998ರ ಮೇ 28ರಂದು ಬಲೂಚಿಸ್ತಾನದ ಚಾಗೈ ಜಿಲ್ಲೆಯಲ್ಲಿ ಪಾಕಿಸ್ತಾನ ಬಾಂಬ್ ಸಿಡಿಸಿದಾಗ ಅದರ ಸದ್ದನ್ನು ಗೌರಿಬಿದನೂರು ಕೇಳಿಸಿಕೊಂಡಿತು. ದೇಶಾಂತರದ ಗುಟ್ಟನ್ನು ಹಿಡಿಯಬಲ್ಲ ಕಿವಿ ಜಿಲ್ಲೆಯಲ್ಲಿರುವಾಗಲೂ, ಮಂಡಿಕಲ್ ಹೋಬಳಿಯ ರೈತನಿಗೆ ತನ್ನ ಹೊಲದ ಕೆಳಗೆ ಏನಾಯಿತೆಂಬುದು ತಿಳಿಯುವುದು ಮೊಬೈಲಿನಲ್ಲಿ ಹರಿದಾಡುವ ವದಂತಿಯಿಂದ. ಆ ಠಾಣೆಯ ಕೆಲಸ ಬೇರೆ, ಉದ್ದೇಶ ಬೇರೆ ಎಂಬುದು ನನಗೆ ತಿಳಿಯದ್ದಲ್ಲ. ಹಳ್ಳಿಯ ಸಣ್ಣ ಕಂಪನದ ಆಳ ಅಗಲಗಳನ್ನು ನಿಖರವಾಗಿ ಗೊತ್ತುಮಾಡಬೇಕಾದರೆ ನಾಲ್ಕಾರು ಮಾಪಕಗಳು ಅದರ ಸಮೀಪದಲ್ಲೇ ಇರಬೇಕು. ಅದು ಬೆಂಗಳೂರಿನ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಂಥ ಸಂಸ್ಥೆಗಳ ಹೊಣೆ. ಬರವನ್ನು ಅಳೆಯಲೆಂದು 1988ರಲ್ಲಿ ಹುಟ್ಟಿದ ಆ ಸಂಸ್ಥೆ ಇಂದು ಮಳೆ, ಪ್ರವಾಹ, ಸಿಡಿಲು, ಭೂಕಂಪ ಎಲ್ಲಕ್ಕೂ ಉತ್ತರ ಹೇಳಬೇಕಾಗಿದೆ.

ಕಂಪನಗಳಾದ ದಿನಗಳಲ್ಲಿ ಹಳ್ಳಿಹಳ್ಳಿಗೆ ತಲುಪಿದ ಸಂದೇಶ ಒಂದೇ: ಭಯಪಡಬೇಡಿ. ಮಾತು ಸುಳ್ಳಲ್ಲ. 3.6ರ ಕಂಪನದಿಂದ ಮನೆ ಬೀಳುವುದು ಅಪರೂಪ. ಮಳೆಯ ನೀರು ಇಳಿದು ಸಮಸ್ಥಿತಿಗೆ ಬಂದ ಮೇಲೆ ಇಂಥ ನಡುಕಗಳು ತಾವಾಗಿ ಶಮನವಾಗುವುದೂ ವಾಡಿಕೆ. ಭೂಕಂಪ ವಲಯಗಳ ನಕ್ಷೆಯಲ್ಲಿ ನಮ್ಮ ಜಿಲ್ಲೆ ಬಹುಕಾಲದಿಂದ ಅತಿ ಕಡಿಮೆ ಅಪಾಯದ ಗುಂಪಿನಲ್ಲಿದೆ. ಆದರೆ ಭಯಪಡಬೇಡಿ ಎಂದಷ್ಟೇ ಹೇಳಿ ಜೀಪು ಹತ್ತಿ ಹೊರಟುಹೋದರೆ ಮಾತು ಅರ್ಧಕ್ಕೇ ನಿಂತಂತಾಗುತ್ತದೆ. ಮಿಕ್ಕರ್ಧ ಏನೆಂಬುದನ್ನು ಕಿಲ್ಲಾರಿಯಿಂದ ಕಲಿಯಬೇಕು.

ಬೀದರ್, ಕಲಬುರಗಿಗಳ ಗಡಿಯಾಚೆ, ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿರುವ ಕಿಲ್ಲಾರಿಯೂ ಹಳೆಯ ಗಟ್ಟಿ ನೆಲದ ಮೇಲಿನ ಊರೇ. ಅಂದಿನ ನಕ್ಷೆಯಲ್ಲಿ ಅದೂ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯಕ್ಕೆ ಸೇರಿತ್ತು. 1992ರಲ್ಲಿ ಅಲ್ಲಿಯೂ ಸಣ್ಣಪುಟ್ಟ ನಡುಕಗಳ ಸರಮಾಲೆಯೇ ಆಯಿತು, ಜನ ಅಹವಾಲು ಹೇಳಿಕೊಂಡರು, ಕಾಲಕ್ರಮದಲ್ಲಿ ನಡುಕ ತಗ್ಗಿತು. ಮರುವರ್ಷ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ದಣಿದು ಮಲಗಿದ್ದ ಊರುಗಳ ಕೆಳಗೆ 6.2 ಪರಿಮಾಣದ ಭೂಕಂಪವಾಗಿ ಎಂಟರಿಂದ ಹತ್ತು ಸಾವಿರದವರೆಗೆ ಜನ ಸತ್ತರು. ಶಕ್ತಿಯ ಲೆಕ್ಕದಲ್ಲಿ ಅದು ನಮ್ಮ 3.6ರ ಕಂಪನಕ್ಕಿಂತ ಸುಮಾರು 8,000 ಪಟ್ಟು ದೊಡ್ಡದು. ಇದನ್ನು ಬರೆಯುವುದು ಬೆದರಿಸಲೆಂದಲ್ಲ. ಸಣ್ಣ ನಡುಕಗಳ ನೂರು ಸರಮಾಲೆಗಳಲ್ಲಿ ಬಹುತೇಕ ಎಲ್ಲವೂ ಏನೂ ಆಗದೆ ಮುಗಿಯುತ್ತವೆ. ಯಾವುದು ಹಾಗೆ ಮುಗಿಯುತ್ತದೆ, ಯಾವುದು ಮುಗಿಯುವುದಿಲ್ಲ ಎಂಬುದನ್ನು ಮೊದಲೇ ಹೇಳುವ ವಿದ್ಯೆ ಮಾತ್ರ ಜಗತ್ತಿನಲ್ಲಿ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಅಂಥಲ್ಲಿ ವಿವೇಕಿಗಳು ನೋಡತಕ್ಕದ್ದು ನೆಲವನ್ನಲ್ಲ, ಗೋಡೆಯನ್ನು.

ಕಿಲ್ಲಾರಿಯಲ್ಲಿ ಕೊಂದದ್ದು ಗೋಡೆ ಮತ್ತು ಮಾಳಿಗೆ. ಎರಡಡಿಗೂ ಮಿಕ್ಕಿದ ದಪ್ಪದ ಗುಂಡುಕಲ್ಲಿನ ಗೋಡೆಗಳು, ಕಲ್ಲಿಗೂ ಕಲ್ಲಿಗೂ ನಡುವೆ ಬರಿಯ ಮಣ್ಣು, ಮೇಲೆ ಹಲಗೆಯ ಮೇಲೆ ಹೊರಿಸಿದ ಒಂದೆರಡು ಅಡಿ ದಪ್ಪದ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪೆಂದು, ಕಳ್ಳರಿಗೆ ಕಷ್ಟವೆಂದು ತಲೆತಲಾಂತರದಿಂದ ಕಟ್ಟುತ್ತ ಬಂದ ಆ ದಪ್ಪ ಗೋಡೆಗಳಲ್ಲಿ ಒಳಮುಖದ ಕಲ್ಲುಗಳಿಗೂ ಹೊರಮುಖದ ಕಲ್ಲುಗಳಿಗೂ ಪರಸ್ಪರ ಬೆಸುಗೆ ಇರಲಿಲ್ಲ. ಅಲುಗಿದೊಡನೆ ಎರಡು ಮುಖಗಳೂ ಬೇರ್ಪಟ್ಟು, ಒಂದು ಬೀದಿಗೆ, ಇನ್ನೊಂದು ಮಲಗಿದವರ ಮೇಲೆ ಉರುಳಿತು. ಮರದ ಕಂಬಗಳ ಮೇಲೆ ಮಾಳಿಗೆ ನಿಂತಿದ್ದ ಕೆಲವು ಮನೆಗಳಲ್ಲಿ ಗೋಡೆಗಳು ಬಿದ್ದರೂ ಮಾಳಿಗೆ ಬೀಳದೆ ಒಳಗಿದ್ದವರು ಉಳಿದರು. ಹೆಚ್ಚು ಖರ್ಚಿನ ಮನೆ ಕೊಂದಿತು, ಬಡ ಗುಡಿಸಲು ಕಾಪಾಡಿತು ಎಂಬಂಥ ವಿಪರ್ಯಾಸಗಳಿಗೂ ಅಲ್ಲಿ ಕೊರತೆಯಿರಲಿಲ್ಲ.

ಈಗ ನಮ್ಮ ದಿಬ್ಬೂರಹಳ್ಳಿಯ ಕಡೆಯ ಹಳೆಯ ಮನೆಯೊಂದನ್ನು ನೋಡೋಣ. ಸೈಜುಗಲ್ಲಿನ ಗೋಡೆ, ಉಳಿಯಲ್ಲಿ ಹೊರಮುಖವನ್ನು ಮಾತ್ರ ಹಸನುಮಾಡಿ ಒಳಮುಖವನ್ನು ಒರಟಾಗಿ ಬಿಟ್ಟ ಕಲ್ಲುಗಳ ನಡುವಿನ ಸಂದಿಗೆ ಚಕ್ಕೆಯನ್ನೂ ಕೆಮ್ಮಣ್ಣನ್ನೂ ತುಂಬಿ, ಮೇಲೆ ಸುಣ್ಣ ಬಳಿದು, ನೋಡುವ ಕಣ್ಣಿಗೆ ಕೋಟೆಯಂತೆ ನಿಲ್ಲಿಸಿದ್ದಾರೆ. ಅದರ ಮೇಲೆ ಹತ್ತಡಿ ಉದ್ದದ ಕಲ್ಲುಚಪ್ಪಡಿಗಳ ಸಾಲು. ಒಂದೊಂದು ಚಪ್ಪಡಿಯೂ ಹತ್ತಾರು ಆಳು ಸೇರಿ ಏರಿಸಬೇಕಾದಷ್ಟು ಭಾರದ್ದು. ಎರಡು ತುದಿಗಳಲ್ಲಿ ಗೋಡೆಯ ಮೇಲೆ ನಾಲ್ಕೈದು ಅಂಗುಲ ಮಾತ್ರ ಕುಳಿತಿರುವ ಈ ಚಪ್ಪಡಿಯನ್ನು ಗೋಡೆಗೆ ಬಿಗಿದಿಟ್ಟಿರುವುದು ಅದರ ಭಾರವಲ್ಲದೆ ಮತ್ತಾವುದೂ ಅಲ್ಲ. ಭಾರ ಕೆಳಮುಖವಾಗಿರುವವರೆಗೆ ನೂರು ವರ್ಷವಾದರೂ ಈ ಮನೆಗೆ ಕೇಡಿಲ್ಲ, ಮಳೆ ಗಾಳಿಗಳಿಗೆ ಅದು ಸೊಪ್ಪು ಹಾಕುವುದಿಲ್ಲ. ಭೂಕಂಪದ ನೂಕು ಮಾತ್ರ ಪಕ್ಕದಿಂದ ಬರತಕ್ಕದ್ದು. ಗೋಡೆ ಒಂದಂಗುಲ ಆ ಕಡೆ, ಚಪ್ಪಡಿ ಒಂದಂಗುಲ ಈ ಕಡೆ ಸರಿದಾಗ, ನಾಲ್ಕಂಗುಲದ ಆಸರೆ ಎಷ್ಟು ಸಲ ತಡೆದೀತು ಎಂಬುದೇ ಆ ಮನೆಯ ಆಯುಸ್ಸಿನ ಲೆಕ್ಕ.

ಇದಕ್ಕೆ ಪರಿಹಾರವಿಲ್ಲದಿಲ್ಲ, ಅದು ಬರೆದಿಟ್ಟದ್ದೂ ಆಗಿದೆ. ಕಿಲ್ಲಾರಿ ನಡುಗಿದ ವರ್ಷದಲ್ಲೇ, 1993ರಲ್ಲಿ, ಭಾರತೀಯ ಮಾನಕ ಸಂಸ್ಥೆ ಕಲ್ಲು ಇಟ್ಟಿಗೆಗಳ ಸಾಮಾನ್ಯ ಕಟ್ಟಡಗಳಿಗೆಂದೇ 13828 ಎಂಬ ಸಂಖ್ಯೆಯ ಮಾರ್ಗಸೂಚಿಯೊಂದನ್ನು ಹೊರತಂದಿತು. ಅದರ ಸಾರ ಯಾವ ಮೇಸ್ತ್ರಿಗೂ ಒಂದು ಮಧ್ಯಾಹ್ನದಲ್ಲಿ ತಿಳಿಯುವಂಥದು. ಕಲ್ಲಿನ ಗೋಡೆ ಒಂದೂವರೆ ಅಡಿಗಿಂತ ದಪ್ಪವಿರಬಾರದು. ಎತ್ತರದಲ್ಲಿ ಎರಡು ಅಡಿಗೊಮ್ಮೆ, ಉದ್ದದಲ್ಲಿ ನಾಲ್ಕು ಅಡಿಗೊಮ್ಮೆ, ಒಳಮುಖದಿಂದ ಹೊರಮುಖದವರೆಗೂ ಚಾಚುವ ಉದ್ದಕಲ್ಲೊಂದನ್ನು ಅಡ್ಡಲಾಗಿ ಹಾಕಿ ಎರಡು ಮುಖಗಳನ್ನೂ ಹೊಲಿಯಬೇಕು. ಮೂಲೆಗೆ ಅಂಟಿದಂತೆ ಬಾಗಿಲು ಕಿಟಕಿ ಇಡಬಾರದು. ಎಲ್ಲಕ್ಕೂ ಮುಖ್ಯವಾಗಿ, ಬಾಗಿಲ ತಲೆಯ ಮಟ್ಟದಲ್ಲಿ ಕಂಬಿ ಹಾಕಿದ ಕಾಂಕ್ರೀಟಿನ ಪಟ್ಟಿ ಎಲ್ಲಿಯೂ ತುಂಡಾಗದೆ ನಾಲ್ಕು ಗೋಡೆಗಳನ್ನೂ ಸುತ್ತಿ ಬರಬೇಕು. ಹಾಗೆ ಬಂದಾಗ ನಾಲ್ಕು ಗೋಡೆಗಳು ನಾಲ್ಕು ದಿಕ್ಕಿಗೆ ಬೀಳದೆ ಒಂದು ಪೆಟ್ಟಿಗೆಯಾಗಿ ಒಟ್ಟಿಗೆ ಅಲುಗುತ್ತವೆ.

ಆದರೆ ನಮ್ಮಲ್ಲಿ ಲಿಂಟಲ್ ಎಂದರೆ ಬಾಗಿಲಿನ ಮೇಲಿನ ಮೂರು ನಾಲ್ಕು ಅಡಿಯ ತುಂಡು. ಹೊಸ ಮನೆ ಏಳುತ್ತಿರುವ ಕಡೆ ನಡೆಯುವ ಸಂವಾದ ಹೆಚ್ಚುಕಡಮೆ ಹೀಗಿರುತ್ತದೆ. "ಕಂಬಿ ಬಾಗ್ಲು ಮೇಲಷ್ಟೇ ಬಿಡ್ಲಾ, ಸುತ್ತೂ ಓಡಿಸ್ಲಾ ಯಜಮಾನ್ರೆ?" ಎಂದು ಮೇಸ್ತ್ರಿ ಕೇಳುತ್ತಾನೆ. "ಬಾಗ್ಲು ಮೇಲೆ ಸಾಕು ಕಣಪ್ಪ, ಆ ದುಡ್ಡಲ್ಲಿ ಮುಂದ್ಗಡೆ ಒಂದು ಪೋರ್ಟಿಕೋ ಆಗುತ್ತೆ" ಎಂದು ಉತ್ತರ ಬರುತ್ತದೆ. ಯಜಮಾನನನ್ನು ಹಳಿದು ಪ್ರಯೋಜನವಿಲ್ಲ. ಪೋರ್ಟಿಕೋ ನೆಂಟರಿಗೆ ಕಾಣುತ್ತದೆ. ಗಿಲಾಯದ ಒಳಗೆ ಹೂತುಹೋಗುವ ಕಂಬಿ ಯಾರಿಗೂ ಕಾಣುವುದಿಲ್ಲ. ಗಟ್ಟಿ ಬಂಡೆಯ ಮೇಲೆ ತಳಪಾಯ ಸಿಕ್ಕಿದೆಯೆಂಬ ಹೆಮ್ಮೆಯಂತೂ ಅವನಿಗೆ ಇದ್ದೇ ಇದೆ. ಅದು ಹುಸಿ ಹೆಮ್ಮೆಯೂ ಅಲ್ಲ. ಮರಳು ನೆಲಕ್ಕಿಂತ ಬಂಡೆಯ ಮೇಲೆ ಅಲುಗಾಟ ಕಡಿಮೆಯೆಂಬುದು ನಿಜ. ಆದರೆ ತಳಪಾಯ ಬಂಡೆಯಾದ ಮಾತ್ರಕ್ಕೆ ಮೇಲಿನ ಕಲ್ಲುಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ.

ಆಪತ್ತು ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲವೆಂಬುದಕ್ಕೆ ರೇಷ್ಮೆಯ ಮನೆಗಳಿಗಿಂತ ಒಳ್ಳೆಯ ನಿದರ್ಶನ ಈ ಸೀಮೆಯಲ್ಲಿ ಸಿಕ್ಕದು. ನಾಲ್ಕನೆಯ ಜ್ವರ, ಎಂದರೆ ಪೊರೆ ಕಳಚುವ ನಿದ್ರೆ, ಕಳೆದು ಎದ್ದ ಹುಳು ಹಗಲಿರುಳೆನ್ನದೆ ಸೊಪ್ಪು ಕೇಳುತ್ತದೆ. ಹಣ್ಣಾದ ಹುಳುವನ್ನು ಹೊತ್ತು ಮೀರದೆ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಡಿಸೆಂಬರಿನ ಚಳಿಯಲ್ಲಿ ಮಕ್ಕಳನ್ನು ಅಂಗಳದಲ್ಲಿ ಕಂಬಳಿ ಹೊದಿಸಿ ಮಲಗಿಸಿದ ತಾಯಿ ನಡುರಾತ್ರಿ ಎದ್ದು ಅದೇ ಬಿರುಕು ಬಿಟ್ಟ ಗೋಡೆಗಳೊಳಕ್ಕೆ ಹಿಪ್ಪುನೇರಳೆ ಸೊಪ್ಪು ಹೊತ್ತು ಹೋಗಲೇಬೇಕು, ಏಕೆಂದರೆ ಅಂದು ಹುಳು ಕೈಬಿಟ್ಟರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಒಯ್ಯಲು ಏನೂ ಉಳಿಯುವುದಿಲ್ಲ, ಸಾಲದ ಕಂತು ಮಾತ್ರ ಉಳಿಯುತ್ತದೆ. ಹುಳುಮನೆಯನ್ನು ಪ್ರತ್ಯೇಕವಾಗಿ, ಹಗುರ ಸೂರಿನಡಿ ಕಟ್ಟಿಕೊಂಡ ರೈತನಿಗೆ ಈ ಇಕ್ಕಟ್ಟಿಲ್ಲ. ಇರುವುದು ವಾಸದ ಮನೆಯಲ್ಲೇ ಮಚ್ಚು ಕಟ್ಟಿ ಹುಳು ಸಾಕುವ ಸಣ್ಣ ಹಿಡುವಳಿದಾರನಿಗೆ. ಮಕ್ಕಳು ಬೆಂಗಳೂರು ಸೇರಿ, ತಾತ ಅಜ್ಜಿ ಇಬ್ಬರೇ ಉಳಿದಿರುವ ಚಪ್ಪಡಿ ಮನೆಗಳದು ಇನ್ನೊಂದು ಬಗೆಯ ಪಾಡು. ಅಲ್ಲಿ ಗೋಡೆ ಉಬ್ಬಿದೆಯೆಂದು ಗಮನಿಸುವ ಕಣ್ಣೂ ಇಲ್ಲ, ಸದ್ದಾದಾಗ ಓಡುವ ಕಾಲೂ ಇಲ್ಲ.

ಅದೇ 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಪದೇ ಪದೇ ನೆಲ ಅಲುಗಿ, ಒಂದು ಕಂಪನ 4ರ ಪರಿಮಾಣವನ್ನೂ ಮುಟ್ಟಿದಾಗ, ಜನ ಗಂಟುಮೂಟೆ ಕಟ್ಟಿಕೊಂಡು ನೆಂಟರ ಊರುಗಳಿಗೆ ಹೊರಟುಬಿಟ್ಟರು. ಉಳಿದವರು ತಾತ್ಕಾಲಿಕ ಶೆಡ್ಡು ಬೇಕೆಂದು ಪಟ್ಟು ಹಿಡಿದರು. ನಗರದ ಕೆಲವರಿಗೆ ಅದು ಅತಿಯಾದ ಭೀತಿಯೆಂದು ಕಂಡಿರಬಹುದು. ನನಗೆ ಹಾಗೆ ಕಾಣಲಿಲ್ಲ. ಗಡಿಕೇಶ್ವರದವರಿಗೆ ಕಿಲ್ಲಾರಿ ಹತ್ತಿರದ ಊರು, ಕಂಡು ಕೇಳಿದ ಸಾವು. ತಮ್ಮ ಗೋಡೆಗಳೂ ಅಂಥವೇ ಎಂಬುದನ್ನು ಅವರು ಬಲ್ಲರು. ಹಾಗಾಗಿ ಅವರು ಶೆಡ್ಡು ಕೇಳಿದರು. ನಮ್ಮ ಕಡೆಯವರಿಗೆ ಆ ಸ್ಮೃತಿಯಿಲ್ಲದ ಕಾರಣ ಒಂದು ವಾರ ಗಾಬರಿಯಾಗಿ ಎಂಟನೆಯ ದಿನ ಮರೆತರು. ಸ್ಮೃತಿಯಿಲ್ಲದ ಊರಿಗೆ ಅದನ್ನು ಒದಗಿಸಬೇಕಾದ್ದು ಶಾಲೆ, ಪಂಚಾಯಿತಿಗಳ ಕೆಲಸ. ವರ್ಷಕ್ಕೊಮ್ಮೆ ಹುಡುಗರನ್ನು ಮೇಜಿನಡಿ ಕೂರಿಸಿ ಫೋಟೊ ತೆಗೆಸುವ ಅಣಕು ಪ್ರದರ್ಶನಕ್ಕಿಂತ, ಊರಿನಲ್ಲಿ ಯಾವ ಮನೆಯ ಗೋಡೆ ಉಬ್ಬಿದೆ, ಯಾವ ಓಣಿ ಕಲ್ಲು ಬಿದ್ದರೆ ಮುಚ್ಚಿಹೋಗುತ್ತದೆ, ಯಾವ ಮನೆಯಲ್ಲಿ ನಡೆಯಲಾರದವರಿದ್ದಾರೆ ಎಂಬುದನ್ನು ದೊಡ್ಡ ತರಗತಿಯ ಮಕ್ಕಳಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸುವುದು ಮೇಲು. ಅದಕ್ಕೆ ಅನುದಾನ ಬೇಡ, ಒಬ್ಬ ಉತ್ಸಾಹಿ ಮೇಷ್ಟರು ಸಾಕು.

ಇದ್ದ ಚಪ್ಪಡಿ ಮನೆಗಳನ್ನೆಲ್ಲ ಕೆಡವಿರೆಂದು ಹೇಳುವುದು ಹುಚ್ಚು. ಅವು ಸುಂದರವಾದವು, ತಂಪಾದವು, ಕಟ್ಟಿದ ಕೈಗಳ ಹೆಮ್ಮೆ. ಉಬ್ಬಿದ ಭಾಗವನ್ನು ಬಿಚ್ಚಿ ಉದ್ದಕಲ್ಲು ಸೇರಿಸಿ ಮರುಕಟ್ಟುವುದು, ಚಪ್ಪಡಿಯ ತುದಿಗಳ ಕೆಳಗೆ ಗೋಡೆಗೆ ಒತ್ತಿ ಒಂದು ಕಲ್ಲುಕಂಬವನ್ನೋ ಕಬ್ಬಿಣದ ಆಸರೆಯನ್ನೋ ಕೊಡುವುದು, ಮಲಗುವ ಜಾಗವನ್ನು ಅತಿ ದುರ್ಬಲವಾದ ಗೋಡೆಯಿಂದ ದೂರ ಸರಿಸುವುದು, ಇವಿಷ್ಟು ಯಾವ ಸಂಸಾರಕ್ಕೂ ಎಟಕುವಂಥವು. ಹೊಸ ಮನೆಗಳ ಪ್ರಶ್ನೆ ಬೇರೆ. ರಾಜ್ಯದ ವಸತಿ ಯೋಜನೆಗಳಲ್ಲಿ ಫಲಾನುಭವಿಗೆ ಹಣ ಬರುವುದು ಕಂತುಗಳಲ್ಲಿ: ತಳಪಾಯಕ್ಕೊಂದು, ಲಿಂಟಲ್ ಮಟ್ಟಕ್ಕೊಂದು, ಸೂರಿಗೊಂದು, ಮುಕ್ತಾಯಕ್ಕೊಂದು. ಒಂದೊಂದು ಹಂತದಲ್ಲಿಯೂ ಪಂಚಾಯಿತಿಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಸಹಿತ ಫೋಟೊ ತೆಗೆದು ಕಳುಹಿಸಿದ ಬಳಿಕವೇ ಮುಂದಿನ ಕಂತು. ಹೀಗೆ ಒಬ್ಬ ಸರ್ಕಾರಿ ನೌಕರ ಸರಿಯಾಗಿ ಲಿಂಟಲಿನ ಎತ್ತರಕ್ಕೆ ಕಣ್ಣಿಟ್ಟು ನಿಲ್ಲುವ ಗಳಿಗೆಯೊಂದು ಈಗಾಗಲೇ ವ್ಯವಸ್ಥೆಯಲ್ಲಿ ಇದೆ. ಆತ ನೋಡುವುದು ಗೋಡೆ ಅಷ್ಟೆತ್ತರ ಎದ್ದಿದೆಯೋ ಇಲ್ಲವೋ ಎಂಬುದನ್ನು ಮಾತ್ರ. ಕಾಂಕ್ರೀಟ್ ಸುರಿಯುವ ಮುನ್ನ, ಕಂಬಿ ಇನ್ನೂ ಕಣ್ಣಿಗೆ ಕಾಣುವಾಗ, ಅದು ನಾಲ್ಕು ಮೂಲೆಗಳಲ್ಲಿಯೂ ಬಾಗಿ ಮುಂದುವರಿದಿರುವುದನ್ನು ತೋರಿಸುವ ನಾಲ್ಕು ಫೋಟೊ ಇದ್ದರೆ ಮಾತ್ರ ಎರಡನೆಯ ಕಂತು ಎಂದು ಒಂದು ಸುತ್ತೋಲೆ ಹೊರಟರೆ, ಮೇಸ್ತ್ರಿಗಳ ವಾಡಿಕೆ ಒಂದೆರಡು ವರ್ಷಗಳಲ್ಲಿ ಬದಲಾದೀತು. ಸುತ್ತುಪಟ್ಟಿಗೆ ತಗಲುವ ಹೆಚ್ಚಿನ ಕಂಬಿ, ಸಿಮೆಂಟಿನ ವೆಚ್ಚವನ್ನು ಆ ಕಂತಿಗೇ ಸೇರಿಸಿ ಕೊಡತಕ್ಕದ್ದೂ ಅಷ್ಟೇ ಅವಶ್ಯ. ಇಲ್ಲವಾದರೆ ಫೋಟೊಗೆಂದು ಹಾಸಿದ ಕಂಬಿ ಸಂಜೆಗೆ ಪಕ್ಕದ ಮನೆಯ ಫೋಟೊಗೆ ಹೋಗುವುದನ್ನು ಯಾರೂ ತಡೆಯಲಾರರು.